ಮನೆಯಲ್ಲೇ ಕಟ್ಟಿದ ದೋಣಿಗೆ ನೋಂದಣಿ, ನಂಬರು: ಹಲಗೆ ಕೊಯ್ಯುವ ಮೊದಲೇ ಓದಿ

ಬೇಸಿಗೆ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತದೆ. "ಹನ್ನೆರಡು ಅಡಿ ಪ್ಲೈವುಡ್ ದೋಣಿ ಕಟ್ಟಿದೀನಿ ಸಾರ್, ಕೆಆರ್‌ಎಸ್ ಹಿನ್ನೀರಿಗೆ ಇಳಿಸಬಹುದಾ? ನಂಬರ್ ಎಲ್ಲಿ ಮಾಡಿಸ್ಬೇಕು? ಆರ್‌ಟಿಒ ಆಫೀಸಿಗೆ ಹೋಗ್ಬೇಕಾ?" ಕೇಳುವವರಲ್ಲಿ ಮೈಸೂರಿನ ಐಟಿ ಹುಡುಗರಿದ್ದಾರೆ, ಶ್ರೀರಂಗಪಟ್ಟಣದ ಕಡೆ ತೋಟ ಇಟ್ಟುಕೊಂಡವರಿದ್ದಾರೆ, ಕೈಯಲ್ಲಿ ಒಳ್ಳೆಯ ಕಸುಬಿರುವ ಬಡಗಿಗಳಿದ್ದಾರೆ. ಹೆಚ್ಚಿನವರು ಕೇಳುವ ಹೊತ್ತಿಗೆ ದೋಣಿ ಮುಗಿದು ಬಣ್ಣವೂ ಒಣಗಿರುತ್ತದೆ. ಕಾಗದದ ಯೋಚನೆ ಶುರುವಾಗುವುದು ಆಗ. ಇಲ್ಲೇ ಎಡವುವುದು. ದೋಣಿಯ ಕಡತ ದೋಣಿಯ ಜೊತೆಜೊತೆಗೇ ಬೆಳೆಯಬೇಕು. ಕೆಲವು ಕಾಗದಗಳನ್ನು ಆಮೇಲೆ ಹುಟ್ಟಿಸಲು ಆಗುವುದೇ ಇಲ್ಲ.

ಮೊದಲು ಮೂರು ಮಾತು ಬಿಡಿಸಿಕೊಳ್ಳೋಣ, ಏಕೆಂದರೆ ಎಲ್ಲರೂ ಇವನ್ನು ಕಲಸಿಬಿಡುತ್ತಾರೆ. ಸರ್ವೆ ಎಂದರೆ ದೋಣಿಯನ್ನು ಅಧಿಕಾರಿ ಕಣ್ಣಾರೆ ಪರೀಕ್ಷಿಸಿ, ಇದು ನೀರಿಗೆ ಯೋಗ್ಯ ಎಂದು ಬರೆದುಕೊಡುವುದು. ನೋಂದಣಿ ಎಂದರೆ ಆ ದೋಣಿ ಯಾರದ್ದು, ಅದರ ಸಂಖ್ಯೆ ಯಾವುದು ಎಂದು ಸರ್ಕಾರದ ಪುಸ್ತಕದಲ್ಲಿ ದಾಖಲಾಗುವುದು. ಅನುಮತಿ ಎಂದರೆ ಇಂಥ ಕೆರೆಗೆ, ಇಂಥ ಹಿನ್ನೀರಿಗೆ ಅದನ್ನು ಇಳಿಸಲು ಆ ನೀರಿನ ಒಡೆತನ ಇರುವವರು ಕೊಡುವ ಒಪ್ಪಿಗೆ. ಮೂರೂ ಬೇರೆ ಬೇರೆ. ಒಂದು ಕೈಯಲ್ಲಿದ್ದ ಮಾತ್ರಕ್ಕೆ ಇನ್ನೊಂದು ಸಿಕ್ಕಂತಲ್ಲ.

ಆರ್‌ಟಿಒ ಈ ಮೂರರಲ್ಲಿ ಯಾವುದನ್ನೂ ಕೊಡುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಛೇರಿಯೂ ಅಲ್ಲ. ರಾಜ್ಯದಲ್ಲಿ ದೋಣಿಗಳ ವಿಚಾರ ನೋಡುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಅದರ ಕೇಂದ್ರ ಕಛೇರಿ ಕಾರವಾರದಲ್ಲಿದೆ. ಕಾವೇರಿ ದಡದಲ್ಲಿ ಕೂತವರಿಗೆ ಇದು ದೂರದ ಮಾತು ಎನಿಸಬಹುದು, ಆದರೆ ಪತ್ರ ಬರೆಯಬೇಕಾದ ವಿಳಾಸ ಅದೇ.

1. ಯಾವ ನೀರು ಎಂದು ಮೊದಲು ತೀರ್ಮಾನಿಸಿ

ನೂರಕ್ಕೆ ತೊಂಬತ್ತು ಜನ ಈ ಹಂತವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾನು ಇದನ್ನೇ ಮೊದಲು ಹೇಳುತ್ತೇನೆ, ಹೆಚ್ಚು ಹೊತ್ತೂ ಹೇಳುತ್ತೇನೆ. ನಮ್ಮ ಮೈಸೂರು, ಮಂಡ್ಯ ಎರಡು ಜಿಲ್ಲೆಗಳಲ್ಲಿ ನೀರು ಧಾರಾಳ, ಆದರೆ ಯಾರದ್ದೂ ಅಲ್ಲದ ನೀರು ಎಲ್ಲೂ ಇಲ್ಲ.

ಕೆಆರ್‌ಎಸ್ ಜಲಾಶಯ, ಹಾರಂಗಿ, ಹೇಮಾವತಿ, ಕಬಿನಿ ಎಲ್ಲವೂ ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿವೆ. ಸಾಗರಕಟ್ಟೆಯ ಸೇತುವೆ ಹತ್ತಿರ ಹಿನ್ನೀರು ಕೈಗೆಟುಕುವಂತೆ ಕಾಣುತ್ತದೆ, ದಡದಲ್ಲಿ ಕೇಳುವವರೂ ಇರುವುದಿಲ್ಲ. ಹಾಗೆಂದು ಅದು ಬಿಟ್ಟಿ ನೀರಲ್ಲ. ನಿಗಮದ ಕಾರ್ಯಪಾಲಕ ಎಂಜಿನಿಯರ್ ಹೆಸರಿಗೆ ಅರ್ಜಿ ಬರೆಯಿರಿ. ಯಾವ ಊರಿನ ದಡದಿಂದ ಇಳಿಸುತ್ತೀರಿ, ಎಷ್ಟು ಜನ, ಮೋಟಾರಿದೆಯೇ, ಸ್ವಂತ ಬಳಕೆಯೋ ಬಾಡಿಗೆಗೋ, ಎಲ್ಲವನ್ನೂ ಬರೆಯಿರಿ. ಅಣೆಕಟ್ಟೆಯ ಆಸುಪಾಸು ಭದ್ರತಾ ವಲಯ. ಅಲ್ಲಿಗೆ ಕೇಳುವ ಪ್ರಶ್ನೆಯೇ ಬೇಡ.

ರಂಗನತಿಟ್ಟನ್ನು ಮರೆತುಬಿಡಿ. 1940ರಿಂದ ಅದು ಪಕ್ಷಿಧಾಮ, 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಓಡುವುದು ಅರಣ್ಯ ಇಲಾಖೆಯ ದೋಣಿಗಳು. ಬಂಡೆಗಳ ಮೇಲೆ ಮೊಸಳೆಗಳು ಮೈಕಾಯಿಸುವ ಜಾಗ ಅದು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆ ಹೊಳೆ ಸಾಗುವುದು ಕಾವೇರಿ ವನ್ಯಜೀವಿಧಾಮದೊಳಗೆ. ಕಬಿನಿ ಹಿನ್ನೀರಿನ ಒಂದು ಬದಿ ನಾಗರಹೊಳೆ, ಇನ್ನೊಂದು ಬದಿ ಬಂಡೀಪುರ. ಅಭಯಾರಣ್ಯದೊಳಗೆ ಕಾಲಿಡಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪರವಾನಗಿ ಬೇಕು. ದೋಣಿಯ ಮೇಲಿದ್ದೀರಿ ಎಂಬ ಕಾರಣಕ್ಕೆ ಅದು ಸಡಿಲವಾಗುವುದಿಲ್ಲ.

"ಕಬಿನಿ ರಾಷ್ಟ್ರೀಯ ಜಲಮಾರ್ಗ ಅಲ್ವಾ, ಎಲ್ಲರಿಗೂ ತೆರೆದಿರುತ್ತೆ" ಎಂದು ವಾದಿಸುವವರು ಸಿಕ್ಕಿದ್ದಾರೆ. 2016ರ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿದೆ, ಅದರಲ್ಲಿ ಕಬಿನಿಯೂ ಇದೆ, ನಿಜ. ಆದರೆ ಆ ಪಟ್ಟಿ ಅರಣ್ಯದ ನಿಯಮವನ್ನಾಗಲೀ ಜಲಾಶಯದ ನಿಯಮವನ್ನಾಗಲೀ ಅಳಿಸಿಹಾಕಿಲ್ಲ.

ಊರ ಕೆರೆಯಾದರೆ ಗ್ರಾಮ ಪಂಚಾಯಿತಿಯೋ ಸಣ್ಣ ನೀರಾವರಿ ಇಲಾಖೆಯೋ ಎಂದು ವಿಚಾರಿಸಿ. ಮೈಸೂರು ನಗರದಲ್ಲಿ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದ್ದು. ಕೆರೆಯ ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೆ ಗುತ್ತಿಗೆ ಹೋಗಿದ್ದರೆ, ಅವರ ಬಲೆ ಎಲ್ಲೆಲ್ಲಿ ಕಟ್ಟಿದೆ ಎಂದು ತಿಳಿಯದೆ ನೀರಿಗಿಳಿಯಬೇಡಿ. ಬಲೆ ಹರಿದರೆ ಅವರ ಅಂದಿನ ಅನ್ನ ಹೋದಂತೆ. ನೀವೇ ಗಾಳ ಬಲೆ ಹಿಡಿದು ಹೋಗುವುದಾದರೆ ಅದಕ್ಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇರೆ. ದೋಣಿಯ ಕಾಗದ ಅದಕ್ಕೆ ನಡೆಯುವುದಿಲ್ಲ.

2. ಹುಟ್ಟೋ, ಮೋಟಾರೋ?

ಕಾನೂನು ನಿಮ್ಮನ್ನು ಯಾವ ದಾರಿಗೆ ಕಳಿಸುತ್ತದೆ ಎಂಬುದು ಈ ಒಂದು ಉತ್ತರದ ಮೇಲಿದೆ. ನೂರು ವರ್ಷ ಮೀರಿ ನಡೆದುಬಂದ 1917ರ ಕಾಯ್ದೆಯ ಜಾಗಕ್ಕೆ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. 'ಹಡಗು' ಎಂಬ ಪದ ಕೇಳಿ ನಮಗಲ್ಲ ಎಂದುಕೊಳ್ಳಬೇಡಿ. ನದಿ, ಕಾಲುವೆ, ಸರೋವರಗಳಲ್ಲಿ ಓಡುವ ಸಣ್ಣ ದೋಣಿಯೂ ಅದರೊಳಗೆ ಬರುತ್ತದೆ.

ಯಂತ್ರದಿಂದ ಚಲಿಸುವ ದೋಣಿಗೆ ಸರ್ವೆ ಪ್ರಮಾಣಪತ್ರವೂ ನೋಂದಣಿ ಪ್ರಮಾಣಪತ್ರವೂ ಇರಲೇಬೇಕು. ಔಟ್‌ಬೋರ್ಡ್, ಅಂದರೆ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸುವ ಇಂಜಿನ್, ಎಷ್ಟೇ ಚಿಕ್ಕದಾದರೂ ಅದು ಯಂತ್ರವೇ. ಬ್ಯಾಟರಿಯಲ್ಲಿ ಓಡುವ ಟ್ರೋಲಿಂಗ್ ಮೋಟಾರೂ ಅಷ್ಟೇ. "ಕರೆಂಟಿನದ್ದು, ಹೊಗೆ ಬರಲ್ಲ, ಲೆಕ್ಕಕ್ಕಿಲ್ಲ" ಎಂಬ ನಂಬಿಕೆ ನಮ್ಮಲ್ಲಿ ಬಹಳ ಹರಡಿದೆ. ತಪ್ಪು. ವಿದ್ಯುತ್ತಿನಿಂದ ಓಡುವ ದೋಣಿಗಳನ್ನೂ ಕಾಯ್ದೆ ಗಮನದಲ್ಲಿಟ್ಟುಕೊಂಡೇ ಬರೆಯಲಾಗಿದೆ. ವಾರಕ್ಕೊಮ್ಮೆ ಮೋಟಾರು ತೊಡಿಸಿ ಉಳಿದ ದಿನ ಹುಟ್ಟು ಹಾಕುತ್ತೀರಾದರೂ ಅದನ್ನು ಮೋಟಾರು ದೋಣಿಯೆಂದೇ ಭಾವಿಸಿ ಕಾಗದ ಮಾಡಿಸಿ.

ಬರೀ ಹುಟ್ಟಿನ ದೋಣಿ, ತೆಪ್ಪ, ಕಯಾಕ್ ಆದರೆ ದಾರಿ ಬೇರೆ. ಹಳೆಯ ಕಾಯ್ದೆ ಇವನ್ನು ಮುಟ್ಟಿಯೇ ಇರಲಿಲ್ಲ. ಹೊಸದು ಇವುಗಳಿಗೂ ಜಾಗ ಮಾಡಿದೆ: ಯಾವ ಬಗೆಯವು ದಾಖಲಾಗಬೇಕು ಎಂದು ರಾಜ್ಯ ಸರ್ಕಾರ ಗುರುತಿಸಬೇಕು, ದಾಖಲು ಮಾಡಿಕೊಳ್ಳುವ ಕೆಲಸ ಸ್ಥಳೀಯ ಸಂಸ್ಥೆಗಳಿಗೆ. ಆದ್ದರಿಂದ ನಿಮ್ಮ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ "ನಮಗೆ ಗೊತ್ತಿಲ್ಲ" ಎಂದರೆ ಜಗಳ ಬೇಡ. ಬಂದರು ಇಲಾಖೆಗೆ ಮಾಹಿತಿ ಹಕ್ಕಿನಡಿ ಕೇಳಿ: ಯಾಂತ್ರೀಕೃತವಲ್ಲದ ಇಂಥ ಅಳತೆಯ ದೋಣಿಯನ್ನು ದಾಖಲಿಸುವ ಪ್ರಾಧಿಕಾರ ಮಂಡ್ಯ ಜಿಲ್ಲೆಗೆ ಯಾವುದು, ಅಧಿಸೂಚನೆಯ ಪ್ರತಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಲಿಖಿತ ಉತ್ತರ ಬಂದರೆ ಅದನ್ನೇ ಲ್ಯಾಮಿನೇಟ್ ಮಾಡಿಸಿ ದೋಣಿಯಲ್ಲಿಡಿ.

ಇಂಟರ್‌ನೆಟ್ಟಿನಲ್ಲಿ ಹುಡುಕುವವರು ಬೀಳುವ ಹಳ್ಳ ಒಂದಿದೆ. 'ಬೋಟ್ ರಿಜಿಸ್ಟ್ರೇಷನ್' ಎಂದು ಹುಡುಕಿದರೆ ರಿಯಲ್‌ಕ್ರಾಫ್ಟ್ ಎಂಬ ತಾಣ ಸಿಗುತ್ತದೆ. ಅದು ಸಮುದ್ರದ ಮೀನುಗಾರಿಕೆ ದೋಣಿಗಳಿಗೆ. ಮಲ್ಪೆಯಲ್ಲಿ ದೋಣಿಗಳ ಮೂತಿಯ ಮೇಲೆ ಐಎನ್‌ಡಿ-ಕೆಎ ಎಂದು ಶುರುವಾಗುವ ಸಂಖ್ಯೆ ನೋಡಿರುತ್ತೀರಿ, ಅದು ಆ ಬಗೆಯದ್ದು. ನಮ್ಮ ಹೊಳೆಯ ದೋಣಿಗೆ ಅಲ್ಲಿ ಅರ್ಜಿ ಹಾಕಬೇಡಿ.

3. ನಕ್ಷೆಗೆ ಒಪ್ಪಿಗೆ

ಮೋಟಾರು ದೋಣಿಯಾದರೆ ಕಟ್ಟುವ ಮೊದಲೇ ವಿನ್ಯಾಸವನ್ನು ಸರ್ಕಾರ ಇದಕ್ಕೆಂದು ನೇಮಿಸಿದ ಪ್ರಾಧಿಕಾರದ ಮುಂದಿಡಬೇಕು. ಮೂರು ನೋಟಗಳ ನಕ್ಷೆ ಸಾಕಷ್ಟು ಕೆಲಸ ಮಾಡುತ್ತದೆ: ಮೇಲಿನಿಂದ, ಪಕ್ಕದಿಂದ, ಅಡ್ಡ ಸೀಳಿದಂತೆ. ಉದ್ದ, ಅಗಲ, ಆಳ ಮೀಟರಿನಲ್ಲಿ ಬರೆಯಿರಿ. ಅಡಿ ಅಂಗುಲ ಬ್ರ್ಯಾಕೆಟ್ಟಿನಲ್ಲಿರಲಿ. ನಕ್ಷೆಯನ್ನು ಹೊರದೇಶದ ವಿನ್ಯಾಸಕಾರರಿಂದ ಕೊಂಡಿದ್ದರೆ ಆ ರಸೀದಿಯನ್ನೂ ಲಗತ್ತಿಸಿ.

ಎಷ್ಟು ಜನ ಕೂರಬಹುದು ಎಂಬ ಅಂದಾಜಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಹೇಳಿಕೊಡುವ ಒಂದು ಸರಳ ಲೆಕ್ಕವಿದೆ. ಇಪ್ಪತ್ತು ಅಡಿಗಿಂತ ಚಿಕ್ಕ ದೋಣಿಯ ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಿ. 12 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲವಾದರೆ 54, ಭಾಗಿಸಿದರೆ 3.6. ಅಂದರೆ ಮೂರು ಜನ, ನಾಲ್ಕಲ್ಲ. ಕೊನೆಯ ಮಾತು ಸರ್ವೆ ಅಧಿಕಾರಿಯದ್ದು. ಆದರೆ ಮನೆಯವರೆಲ್ಲ ಆರು ಜನ ಹತ್ತಬೇಕು ಎಂದು 12 ಅಡಿ ದೋಣಿ ಕಟ್ಟಲು ಹೊರಟವರು ಈ ಲೆಕ್ಕ ನೋಡಿ ಇಲ್ಲೇ ನಿಲ್ಲಲಿ ಎಂದು ಬರೆದಿದ್ದೇನೆ.

4. ಕಟ್ಟುತ್ತಾ ಕಡತ ಬೆಳೆಸಿ

ಕಂಪನಿ ಕಟ್ಟಿದ ದೋಣಿಗೆ ತಯಾರಕರ ಪ್ರಮಾಣಪತ್ರ ಬರುತ್ತದೆ. ನಿಮ್ಮ ದೋಣಿಗೆ ತಯಾರಕರೂ ನೀವೇ. ನಿಮ್ಮ ಮಾತಿಗೆ ಸಾಕ್ಷಿಯೂ ನೀವೇ ಜೋಡಿಸಬೇಕು.

ಬಿಲ್ಲುಗಳಿಂದ ಶುರು ಮಾಡಿ. ಪ್ಲೈವುಡ್, ಎಪಾಕ್ಸಿ ರೆಸಿನ್, ಗಾಜಿನ ನಾರಿನ ಬಟ್ಟೆ, ಸ್ಟೇನ್‌ಲೆಸ್ ಬೋಲ್ಟು, ಇಂಜಿನ್, ಎಲ್ಲದಕ್ಕೂ ಜಿಎಸ್‌ಟಿ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ. ಅಂಗಡಿಯವರು "ಮರೈನ್" ಎಂದು ಬಾಯಲ್ಲಿ ಹೇಳಿ ಕೊಡುವ ಹಲಗೆಯನ್ನು ಹಾಗೇ ನಂಬಬೇಡಿ. ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 710 ಎಂದು ಒತ್ತಿರಬೇಕು. ಅದು ಮರೈನ್ ಪ್ಲೈವುಡ್ಡಿನ ಮಾನಕ. ಐಎಸ್ 303 ಎಂದಿದ್ದರೆ ಅದು ಮನೆಯ ಬೀರುವಿನ ಮಾಲು. ಆ ಮುದ್ರೆಯನ್ನು, ಕೆಳಗಿನ ಲೈಸೆನ್ಸ್ ಸಂಖ್ಯೆ ಓದುವಂತೆ, ಕೊಯ್ಯುವ ಮೊದಲೇ ಫೋಟೋ ತೆಗೆಯಿರಿ. ಗರಗಸ ಹಾಯಿಸಿ, ಮರಳು ಕಾಗದ ಉಜ್ಜಿ, ರೆಸಿನ್ ಬಳಿದ ಮೇಲೆ ಅದು ಮತ್ತೆ ಕಾಣುವುದಿಲ್ಲ.

ನಾನು ಕಲಿತದ್ದೇ ಹೀಗೆ. ನನ್ನ ಮೊದಲ ದೋಣಿಯ ತಳಕ್ಕೆ ಎರಡು ಪದರ ಫೈಬರ್ ಹೊದಿಸಿದ ಮೇಲೆ ಪರೀಕ್ಷೆಗೆ ಬಂದವರು ಕೇಳಿದ್ದು ಒಂದೇ ಮಾತು: "ಒಳಗಿನ ಪಕ್ಕೆಲುಬು ಎಷ್ಟು ದಪ್ಪ, ಎಷ್ಟು ಅಂತರಕ್ಕೆ ಕೂರಿಸಿದ್ದೀರಿ, ತೋರಿಸಿ." ಪಕ್ಕೆಲುಬು ಎಂದರೆ ಒಡಲಿಗೆ ಒಳಗಿನಿಂದ ಬಲ ಕೊಡುವ ಅಡ್ಡಪಟ್ಟಿ. ಅದನ್ನು ತೋರಿಸಲು ಫೋಟೋ ಇರಲಿಲ್ಲ. ನೆಲಹಲಗೆಯಲ್ಲಿ ಅಂಗೈ ಅಗಲ ಕೊಯ್ದು ತೆರೆಯಬೇಕಾಯಿತು. ಅವರು ಕೇಳಿದ್ದು ನ್ಯಾಯವೇ. ಆ ಪಕ್ಕೆಲುಬಿನ ಮೇಲೆ ತಾನೇ ಮಕ್ಕಳು ಕೂರುವುದು. ಎರಡನೆಯ ದೋಣಿಗೆ ಪ್ರತಿ ಸಂಜೆ ಕೆಲಸ ನಿಲ್ಲಿಸುವಾಗ ನಾಲ್ಕು ಫೋಟೋ ತೆಗೆದೆ. ಒಂದರಲ್ಲಿ ಟೇಪು ಹಿಡಿದ ಅಳತೆ, ಒಂದರಲ್ಲಿ ಅಂದಿನ ದಿನಪತ್ರಿಕೆ. ಪತ್ರಿಕೆಯ ತಾರೀಖು ಇಟ್ಟರೆ ಯಾವಾಗ ಕಟ್ಟಿದ್ದೆಂದು ಪ್ರತ್ಯೇಕವಾಗಿ ವಾದಿಸಬೇಕಿಲ್ಲ.

ಇಂಜಿನ್ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಮಾರಿದವರಿಂದ ಮಾರಾಟ ಪತ್ರ, ಅವರು ಮೊದಲು ಕೊಂಡಾಗಿನ ಬಿಲ್ಲಿನ ಪ್ರತಿ, ಎರಡೂ ಪಡೆಯಿರಿ. ಕ್ರಮಸಂಖ್ಯೆಯ ತಗಡು ಸಾಮಾನ್ಯವಾಗಿ ಹಲಗೆಗೆ ಕಚ್ಚುವ ಬ್ರಾಕೆಟ್ಟಿನ ಮೇಲಿರುತ್ತದೆ. ಅದನ್ನು ಕಿತ್ತಿದ್ದರೆ ಅಥವಾ ಉಜ್ಜಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ಇಂಜಿನ್ ಮುಟ್ಟಬೇಡಿ.

ಕೊನೆಗೆ ಛಾಪಾಕಾಗದದ ಮೇಲೆ ಒಂದು ಅಫಿಡವಿಟ್ಟು, ಅಂದರೆ ಪ್ರಮಾಣ ಮಾಡಿ ಕೊಡುವ ಹೇಳಿಕೆ, ಬರೆದು ನೋಟರಿ ಮಾಡಿಸಿ: ಈ ಅಳತೆಯ ದೋಣಿಯನ್ನು ಇಂಥ ವಿಳಾಸದಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನಾನೇ ಕಟ್ಟಿದ್ದೇನೆ, ಬೇರೆ ಯಾರಿಗೂ ಇದರಲ್ಲಿ ಹಕ್ಕಿಲ್ಲ. ಇಬ್ಬರು ಗೆಳೆಯರು ಸೇರಿ ಕಟ್ಟಿದ್ದರೆ ಇಬ್ಬರ ಹೆಸರೂ, ಯಾರಿಗೆ ಎಷ್ಟು ಪಾಲು ಎಂಬುದೂ ಇದರಲ್ಲೇ ಬರಲಿ. ಸ್ನೇಹ ಚೆನ್ನಾಗಿರುವಾಗ ಬರೆದುಕೊಳ್ಳುವುದು ಸುಲಭ.

5. ಒಡಲಿಗೊಂದು ಗುರುತು

ಹೊರದೇಶದ ವಿಡಿಯೋ ನೋಡಿದವರು "ಎಚ್‌ಐಎನ್ ಎಲ್ಲಿ ಸಿಗುತ್ತೆ?" ಎಂದು ಕೇಳುತ್ತಾರೆ. ಅದು ಹಲ್ ಐಡೆಂಟಿಫಿಕೇಷನ್ ನಂಬರ್, ದೋಣಿಯ ಒಡಲಿಗೇ ಕೊರೆದ ಸಂಖ್ಯೆ. ಕಾರಿಗೆ ಷಾಸಿ ನಂಬರ್ ಇದ್ದಂತೆ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಕಡ್ಡಾಯ. 12 ಅಕ್ಷರ-ಅಂಕಿಗಳು, ಮೊದಲ ಮೂರು ತಯಾರಕರ ಸಂಕೇತ. ಮನೆಯಲ್ಲಿ ಕಟ್ಟಿದ ದೋಣಿಗೆ ಅಲ್ಲಿನ ರಾಜ್ಯವೇ ಸಂಖ್ಯೆ ಕೊಡುತ್ತದೆ. ರಾಜ್ಯದ ಎರಡಕ್ಷರದ ನಂತರ 'ಜಡ್' ಇದ್ದರೆ ಅದು ಆ ಬಗೆಯ ದೋಣಿ. ನಮ್ಮಲ್ಲಿ ನೀವು ಪಡೆಯಬೇಕಾದದ್ದು ಅದಲ್ಲ, ಇಲ್ಲಿನ ನೋಂದಣಿ ಸಂಖ್ಯೆ. ದುಡ್ಡು ತೆಗೆದುಕೊಂಡು ಎಚ್‌ಐಎನ್ ಕೊಡುತ್ತೇವೆ ಎನ್ನುವ ತಾಣಗಳಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಆದರೆ ಆ ಪದ್ಧತಿಯಲ್ಲಿ ಕಲಿಯುವಂಥದ್ದು ಒಂದಿದೆ. ಅಲ್ಲಿ ಸಂಖ್ಯೆಯನ್ನು ಎರಡು ಕಡೆ ಹಾಕುತ್ತಾರೆ: ಒಂದು ಹಿಂಬದಿಯ ಹಲಗೆಯ ಬಲಮೇಲ್ಭಾಗದಲ್ಲಿ, ಎಲ್ಲರಿಗೂ ಕಾಣುವಂತೆ, ಇನ್ನೊಂದು ಒಳಗೆ, ಯಾರಿಗೂ ಕಾಣದ ಕಡೆ. ಕದ್ದವನು ಹೊರಗಿನದನ್ನು ಉಜ್ಜಿದರೂ ಒಳಗಿನದು ಉಳಿಯುತ್ತದೆ. ನೀವೂ ನಿಮ್ಮದೇ ಒಂದು ಗುರುತು ಇಟ್ಟುಕೊಳ್ಳಿ: ಹೆಸರಿನ ಮೊದಲಕ್ಷರಗಳು, ಕಟ್ಟಿದ ವರ್ಷ, ಅಳತೆ. ನಾನು ಚಿಕ್ಕ ಉಳಿಯಲ್ಲಿ ಕೊರೆದು, ಗೀರಿಗೆ ಮಸಿ ತುಂಬಿ, ಮೇಲೆ ತಿಳಿಯಾದ ಎಪಾಕ್ಸಿ ಬಳಿದೆ. ಎರಡನೆಯದು ನಡುವಿನ ಕೂರುಮಣೆಯ ಅಡಿಯಲ್ಲಿದೆ. ಎರಡರ ಫೋಟೋವೂ ಕಡತದಲ್ಲಿರಲಿ, ಅಫಿಡವಿಟ್ಟಿನಲ್ಲಿ ಆ ಗುರುತನ್ನು ಬರೆಯಿರಿ.

6. ಅರ್ಜಿ, ಸರ್ವೆ, ನೋಂದಣಿ

ಅರ್ಜಿ ಹೋಗಬೇಕಾದದ್ದು ಒಳನಾಡು ಹಡಗುಗಳ ನೋಂದಣಾಧಿಕಾರಿಗೆ. ನಮೂನೆ, ಶುಲ್ಕ ಎರಡನ್ನೂ ಬಂದರು ಇಲಾಖೆಯಿಂದಲೇ ಪಡೆಯಿರಿ. ಸ್ನೇಹಿತರ ಹಳೆಯ ಅರ್ಜಿಯ ಜೆರಾಕ್ಸ್ ತುಂಬಬೇಡಿ. 2021ಕ್ಕಿಂತ ಹಿಂದಿನ ನಮೂನೆಯಾದರೆ ಅದು ಹಳೆಯ ಕಾಯ್ದೆಯದ್ದು. ಶುಲ್ಕ ಕಟ್ಟಿದ ಚಲನ್ನಿನ ಪ್ರತಿ, ಆಧಾರ್, ನಕ್ಷೆ, ಬಿಲ್ಲು, ಅಫಿಡವಿಟ್ಟು, ಫೋಟೋ, ನೀರಿನ ಒಡೆತನದವರ ಒಪ್ಪಿಗೆ ಪತ್ರ, ಎಲ್ಲಕ್ಕೂ ಪುಟಸಂಖ್ಯೆ ಹಾಕಿ ಒಂದು ಪಟ್ಟಿ ಮಾಡಿ ಎರಡು ಸೆಟ್ ಮಾಡಿಸಿ. ಒಂದಕ್ಕೆ ಸೀಲು ಹಾಕಿಸಿ ನೀವೇ ಇಟ್ಟುಕೊಳ್ಳಿ.

ಸರ್ವೆಯ ದಿನಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಂಡು ಹೋಗುವುದು ಒಳ್ಳೆಯದು. ನಿಮ್ಮದೇ ಜಮೀನಿನ ಕೃಷಿ ಹೊಂಡದಲ್ಲೋ, ಅನುಮತಿ ಇರುವ ನಿಂತ ನೀರಿನಲ್ಲೋ, ದಡಕ್ಕೆ ಹಗ್ಗ ಕಟ್ಟಿ ದೋಣಿ ಇಳಿಸಿ. ಜನರ ಬದಲು ತಲೆಗೆ 75 ಕಿಲೋದಂತೆ ಮರಳಿನ ಮೂಟೆ ಇಡಿ, ಇಂಜಿನ್ನೂ ಬ್ಯಾಟರಿಯೂ ಇರಲಿ. ನೀರಿನ ಮಟ್ಟದಿಂದ ದೋಣಿಯ ಅಂಚಿಗೆ ಎಷ್ಟು ಉಳಿಯಿತು ಅಳೆಯಿರಿ. ಇದನ್ನು ಫ್ರೀಬೋರ್ಡ್ ಎನ್ನುತ್ತಾರೆ, ನೀರಿಗೂ ದೋಣಿಯ ಬಾಯಿಗೂ ಇರುವ ಅಂತರ. ಹಿನ್ನೀರಿನಲ್ಲಿ ಮಧ್ಯಾಹ್ನದ ಗಾಳಿಗೆ ಏಳುವ ಅಲೆ ನೋಡಿದವನಾಗಿ ಹೇಳುತ್ತೇನೆ, ಒಂದು ಅಡಿಗಿಂತ ಕಡಿಮೆ ಉಳಿದರೆ ಒಬ್ಬರನ್ನು ಇಳಿಸಿ. ಆಮೇಲೆ ಮೂಟೆ ತೆಗೆದು ಬಕೆಟ್ಟಿನಲ್ಲಿ ನೀರು ತುಂಬಿಸಿ, ದೋಣಿ ಮುಳುಗದೆ ತೇಲುತ್ತದೆಯೇ ನೋಡಿ. ಒಂದು ಲೀಟರು ಗಾಳಿಯೋ ಫೋಮೋ ಎತ್ತಿಹಿಡಿಯುವುದು ಹೆಚ್ಚೆಂದರೆ ಒಂದು ಕಿಲೋ. 25 ಕಿಲೋ ಇಂಜಿನ್ನಿಗೆ ಕನಿಷ್ಠ 30 ಲೀಟರಿನಷ್ಟು ಮುಚ್ಚಿದ ಫೋಮು ಇಡಿ, ಅದೂ ಹಿಂಭಾಗದಲ್ಲಿ. ಮೂತಿಯಲ್ಲಿ ಮಾತ್ರ ತುಂಬಿದರೆ ದೋಣಿ ಬಾಲ ಕೆಳಗೆ ಮಾಡಿ ನೆಟ್ಟಗೆ ನಿಲ್ಲುತ್ತದೆ.

ತಲೆಗೊಂದು ಲೈಫ್ ಜಾಕೆಟ್, ಹಗ್ಗ ಕಟ್ಟಿದ ಲೈಫ್ ಬಾಯ್ (ತೇಲುವ ಬಳೆ), ನೀರು ಮೊಗೆಯುವ ಡಬ್ಬ, ಒಂದು ಜೊತೆ ಹೆಚ್ಚುವರಿ ಹುಟ್ಟು, ಸೀಟಿ, ಅಗ್ನಿಶಾಮಕ, ಇವು ದೋಣಿಯೊಳಗೇ ಇದ್ದು ಪರೀಕ್ಷೆಗೆ ಸಿದ್ಧವಿರಲಿ. ಮಕ್ಕಳಿದ್ದರೆ ಮಕ್ಕಳ ಅಳತೆಯ ಜಾಕೆಟ್ಟೇ ಬೇಕು. ದೊಡ್ಡವರದ್ದು ತಲೆಯ ಮೇಲಿಂದ ಜಾರಿ ಹೋಗುತ್ತದೆ.

ನೋಂದಣಿ ಪತ್ರ ಕೈಗೆ ಬಂದಾಗ ಹೆಸರು, ಅಳತೆ, ಇಂಜಿನ್ ಸಂಖ್ಯೆಗಳನ್ನು ಅಲ್ಲೇ ನಿಂತು ಓದಿ. ಯಾವ ವಲಯದ ನೀರಿಗೆ ಎಂದೂ ನೋಡಿ. ಅಲೆಯ ಎತ್ತರದ ಮೇಲೆ ಒಳನಾಡು ನೀರನ್ನು ಮೂರು ವಲಯಗಳಾಗಿ ವಿಂಗಡಿಸುವ ಪದ್ಧತಿ ಇದೆ. ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ, ಆದರೆ ಅದರಲ್ಲಿ ಬರೆದ ವಲಯ ದಾಟಿ ಹೋಗುವಂತಿಲ್ಲ.

7. ನಂಬರು ಬರೆಯುವುದು

ಕೊಟ್ಟ ಸಂಖ್ಯೆ ಎದ್ದು ಕಾಣುವ ಕಡೆ ಇರಬೇಕು. ಜಾಗ, ಅಳತೆಗಳನ್ನು ಪತ್ರದಲ್ಲಿ ಸೂಚಿಸಿದ್ದರೆ ಅದೇ ಅಂತಿಮ. ಇಲ್ಲವಾದರೆ ಮೂತಿಯ ಎರಡೂ ಬದಿ, ತುಂಬಿದ ದೋಣಿಯ ನೀರಿನ ಗೆರೆಗಿಂತ ಮೇಲೆ, ಮೂರು ಅಂಗುಲಕ್ಕೆ ಕಡಿಮೆಯಿಲ್ಲದ ನೆಟ್ಟನೆಯ ಅಕ್ಷರಗಳಲ್ಲಿ ಬರೆಯಿರಿ. ಕಡು ಬಣ್ಣದ ಮೇಲೆ ಬಿಳಿ, ತಿಳಿ ಬಣ್ಣದ ಮೇಲೆ ಕಪ್ಪು. ಸ್ಟಿಕ್ಕರ್ ಬೇಡ, ಬೇಸಿಗೆಯ ಬಿಸಿಲಿಗೆ ಅಂಚು ಸುರುಳಿಯಾಗುತ್ತದೆ, ಒಂದು ಅಂಕಿ ಉದುರಿದರೂ ಅದು ಬೇರೆ ದೋಣಿಯ ಸಂಖ್ಯೆ. ತಗಡಿನ ಸ್ಟೆನ್ಸಿಲ್ ಇಟ್ಟು ಎನಾಮೆಲ್ ಬಣ್ಣ ಹೊಡೆಯಿರಿ. ಸಂಖ್ಯೆಯ ಪಕ್ಕ ಹೂವು, ಹಾರ, ದೇವರ ಚಿತ್ರ ಹಾಕುವ ಆಸೆ ನಮಗೆಲ್ಲ ಇರುತ್ತದೆ. ಅವಕ್ಕೆ ಹಿಂಬದಿ ಬಿಟ್ಟುಕೊಡಿ.

8. ನೀರಿಗಿಳಿದ ಮೇಲೆ

ಯಂತ್ರದ ದೋಣಿಗೆ ವಿಮೆ ಬೇಕು: ಸಾವು, ಗಾಯ, ಬೇರೆಯವರ ಆಸ್ತಿಗೆ ಆಗುವ ಹಾನಿ ಎಲ್ಲವೂ ಅದರಲ್ಲಿ ಬರಬೇಕು. ನಡೆಸುವವರ ಅರ್ಹತಾ ಪತ್ರದ ಬಗ್ಗೆಯೂ ನೋಂದಣಿಯ ಸಮಯದಲ್ಲೇ ಲಿಖಿತವಾಗಿ ಕೇಳಿ. ದೋಣಿಯನ್ನು ಟ್ರೈಲರ್ ಮೇಲೆ ಎಳೆದೊಯ್ಯುವುದಾದರೆ ಆ ಟ್ರೈಲರಿಗೆ ಆರ್‌ಟಿಒ ನೋಂದಣಿ ಬೇಕು. ಮನೆಯ ಹತ್ತಿರ ವೆಲ್ಡಿಂಗ್ ಮಾಡಿಸಿ ಕಾರಿಗೆ ಕಟ್ಟಿಕೊಂಡು ಹೋದರೆ ದಾರಿಯಲ್ಲಿ ತಡೆದಾಗ ತೋರಿಸಲು ಏನೂ ಇರುವುದಿಲ್ಲ. ಹದಿಮೂರು ಅಡಿಯವರೆಗಿನ ದೋಣಿಗೆ ಗೂಡ್ಸ್ ಗಾಡಿ ಬಾಡಿಗೆಗೆ ಹಿಡಿಯುವುದು ಅಗ್ಗ.

ಕೆಆರ್‌ಎಸ್‌ನಿಂದ ನೀರು ಹೊರಬಿಡುವ ದಿನಗಳಲ್ಲಿ ಕೆಳಗಿನ ಹೊಳೆಗೆ ಯಾವ ಕಾಗದವಿದ್ದರೂ ಇಳಿಯಬೇಡಿ. ಅರಣ್ಯ ಇಲಾಖೆಯವರೇ ರಂಗನತಿಟ್ಟಿನ ದೋಣಿಗಳನ್ನು ಆಗ ಕಟ್ಟಿಹಾಕುತ್ತಾರೆ. ಬೇಸಿಗೆಯಲ್ಲಿ ತೊಂದರೆ ಬೇರೆ ಬಗೆಯದ್ದು: ತುಂಬಿದಾಗ 124.80 ಅಡಿ ಇರುವ ಜಲಾಶಯ ಇಳಿಯುತ್ತಾ ಹೋದಂತೆ ಹಿನ್ನೀರಿನಲ್ಲಿ ಮುಳುಗಿದ್ದ ಮರದ ಬೊಡ್ಡೆ, ಹಳೆಯ ಗೋಡೆ ನೀರಿನ ಮಟ್ಟಕ್ಕೆ ಬರುತ್ತವೆ. ಇಂಜಿನ್ನಿನ ರೆಕ್ಕೆಗೆ ಅವು ಸಿಕ್ಕರೆ ಹಿಂಬದಿಯ ಹಲಗೆಯೇ ಕಿತ್ತು ಬರಬಹುದು.

ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೂ, ಇದಕ್ಕೆಂದು ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೂ ತಿಳಿಸುವುದು ಮಾಲೀಕರ ಹೊಣೆ. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಸುಮ್ಮನಾಗುವಂತಿಲ್ಲ.

ಐದು ಎಚ್‌ಪಿ ತೆಗೆದು ಹತ್ತು ಎಚ್‌ಪಿ ಇಂಜಿನ್ ಹಾಕಿದಿರಿ, ಬಿಸಿಲಿಗೆಂದು ಮೇಲ್ಛಾವಣಿ ಕಟ್ಟಿದಿರಿ, ಎರಡು ಅಡಿ ಉದ್ದ ಮಾಡಿದಿರಿ ಎಂದಾದರೆ ಅದು ಸರ್ವೆಯಾದ ದೋಣಿ ಅಲ್ಲ. ಬದಲಾವಣೆಗೂ ಮುಂಚೆ ಒಪ್ಪಿಗೆ ಬೇಕು, ಆಮೇಲೆ ನೋಂದಣಿಯಲ್ಲಿ ತಿದ್ದಿಸಬೇಕು. ಮೇಲ್ಛಾವಣಿಯನ್ನು ಹಗುರವಾಗಿ ಕಾಣಬೇಡಿ. ಎತ್ತರದಲ್ಲಿ ಕೂತ ತೂಕ ಗಾಳಿಗೆ ದೋಣಿಯನ್ನು ಮಗುಚುತ್ತದೆ.

ಮಾರುವಾಗ ಬರೀ ದುಡ್ಡು ಎಣಿಸಿಕೊಂಡು ದೋಣಿ ಕೊಟ್ಟುಬಿಡಬೇಡಿ. ಕೊಂಡವರ ಹೆಸರಿಗೆ ನೋಂದಣಿ ಬದಲಾಗುವ ತನಕ ಆ ನಂಬರಿನ ದೋಣಿ ಮಾಡುವ ಎಲ್ಲಕ್ಕೂ ಪುಸ್ತಕದಲ್ಲಿ ನಿಮ್ಮ ಹೆಸರೇ ಇರುತ್ತದೆ. ಅರ್ಜಿಗೆ ಇಬ್ಬರೂ ಸಹಿ ಮಾಡಿ, ಸ್ವೀಕೃತಿ ಪಡೆದ ಮೇಲೆ ಇಂಜಿನ್ನಿನ ಕೀ ಕೊಡಿ. ಕಟ್ಟುವಾಗ ತೆಗೆದ ಫೋಟೋಗಳ ಕಡತವನ್ನೂ ಜೊತೆಗೆ ಒಪ್ಪಿಸಿ. ಮುಂದಿನ ಸರ್ವೆಯಲ್ಲಿ ಪಕ್ಕೆಲುಬು ಎಷ್ಟು ದಪ್ಪ ಎಂದು ಅವರನ್ನೂ ಕೇಳುತ್ತಾರೆ.